ಸೊಟ್ಟಿ ಹೊತ್ತ ಭಾರ

ಕೊರೊನಾ ಕಳೆದು ಲಾರಿಗಳು ಮೊದಲಿನಂತೆ ಓಡತೊಡಗಿದ್ದ ವರ್ಷ. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಸರಕು ಸಾಗಣೆ ಕಂಪನಿಯ ವರ್ಕ್‌ಶಾಪಿಗೆ ನಾನು ಟೂಲ್ ರೂಮ್ ಇನ್‌ಚಾರ್ಜ್ ಆಗಿದ್ದೆ. ಸ್ಪ್ಯಾನರಿನಿಂದ ಹಿಡಿದು ಜಾಕ್‌ವರೆಗೆ, ಕೈಯಲ್ಲಿ ಹಿಡಿಯುವ ಮತ್ತು ಕೈಯಿಂದ ತಿರುಗಿಸುವ ಎಲ್ಲ ಸಲಕರಣೆಗಳ ಆಯ್ಕೆ, ತಪಾಸಣೆ, ವಿತರಣೆ ನನ್ನದು. ಮೆಕ್ಯಾನಿಕ್‌ಗಳು ಹದಿನೆಂಟು ಜನ. ಅವರ ನಡುವೆ ನಾನೊಬ್ಬಳೇ ಹೆಂಗಸು. ನನ್ನನ್ನು ಕಂಡೊಡನೆ ಅವರು ಬೈಗುಳವನ್ನು ಅರ್ಧಕ್ಕೆ ನುಂಗುತ್ತಿದ್ದರು. ಹಾಗಾಗಿ ಆ ಷೆಡ್ಡಿನಲ್ಲಿ ಆಡಿದ ಎಷ್ಟೋ ವಾಕ್ಯಗಳ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ವರ್ಷ ಅನ್ಸರ್ ಎಂಬ ಮೆಕ್ಯಾನಿಕ್‌ನ ಕೈಯಲ್ಲಿ ಸ್ಪ್ಯಾನರೊಂದು ಬಾಯಿ ಬಿಟ್ಟಿತು. ತೆರೆದ ಬಾಯಿಯ ಸ್ಪ್ಯಾನರಿನ ಉಕ್ಕು ಮೆತ್ತಗಿದ್ದರೆ, ಭಾರ ಬಿದ್ದಾಗ ಅದರ ಎರಡು ದವಡೆಗಳು ಕೂದಲೆಳೆಯಷ್ಟು ಅಗಲವಾಗುತ್ತವೆ. ಅಷ್ಟು ಸಾಕು. ಸ್ಪ್ಯಾನರ್ ನಟ್ಟಿನ ಮೂಲೆಗಳನ್ನು ಸವರಿಕೊಂಡು ಜಾರುತ್ತದೆ, ಎಳೆಯುತ್ತಿದ್ದ ಕೈ ಎದುರಿಗಿರುವ ಕಬ್ಬಿಣಕ್ಕೆ ಹೋಗಿ ಬಡಿಯುತ್ತದೆ. ಅನ್ಸರನ ಎರಡು ಬೆರಳಿನ ಮೂಳೆಗಳು ಬಿರುಕು ಬಿಟ್ಟವು. ಆ ಸ್ಪ್ಯಾನರ್ ಕಂಪನಿಯದಲ್ಲ. ಹೆದ್ದಾರಿ ಪಕ್ಕದ ತಳ್ಳುಗಾಡಿಯಲ್ಲಿ ಅವನೇ ಕೊಂಡದ್ದು.

ಮುಖ್ಯ ಕಚೇರಿಯಿಂದ ಆದೇಶ ಬಂತು: ಇನ್ನು ಮುಂದೆ ಯಾರೂ ಸ್ವಂತ ಸಲಕರಣೆ ಬಳಸಕೂಡದು. ಎಲ್ಲರಿಗೂ ಒಂದೇ ಬ್ರ್ಯಾಂಡ್. ಯಾವ ಬ್ರ್ಯಾಂಡ್ ಎಂಬುದನ್ನು ಬೆಲೆ ಮತ್ತು ಗುಣಮಟ್ಟ ಹೋಲಿಸಿ ನಾನು ಶಿಫಾರಸು ಮಾಡಬೇಕು.

ಆದೇಶ ಸರಿಯಾಗಿಯೇ ಇತ್ತು. ಈಗಲೂ ಹಾಗೆಯೇ ಅನ್ನುತ್ತೇನೆ. ಆದರೆ ಆ ಆದೇಶದ ಕೆಳಗೆ ಬ್ಯಾಟಪ್ಪನವರ ಪೆಟ್ಟಿಗೆಯೂ ಬರುತ್ತಿತ್ತು.

ಬ್ಯಾಟಪ್ಪ ನಮ್ಮಲ್ಲಿ ಎಲ್ಲರಿಗಿಂತ ಹಳಬರು, ನಿವೃತ್ತಿಗೆ ಒಂದು ವರ್ಷಕ್ಕಿಂತ ಕಡಿಮೆ ಇತ್ತು. ನಲ್ಲೂರಿನವರು. ಹೊಲದ ಕೆಲಸ ಅಣ್ಣನಿಗೆ ಬಿಟ್ಟು ಹದಿನೇಳನೆಯ ವಯಸ್ಸಿಗೆ ಲಾರಿ ಕೆಳಗೆ ನುಸುಳಿದವರು. ನಾನು ದೇವನಹಳ್ಳಿಯಲ್ಲಿ ಕಂಪನಿ ವ್ಯಾನ್ ಹತ್ತುತ್ತಿದ್ದೆ. ಅವರು ಆಗಲೇ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದರು. ಹುಣಸೆ ಚಿಗುರುವ ಕಾಲದಲ್ಲಿ ಅವರ ಅಂಗಿ ಜೇಬಿನಲ್ಲಿ ಅದರ ಚಿಗುರು ಇರುತ್ತಿತ್ತು. ಹಿಂದಕ್ಕೆ ತಿರುಗಿ, ಮಾತಿಲ್ಲದೆ, ನನ್ನ ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಒಂದು ಹಿಡಿ ಹಾಕುತ್ತಿದ್ದರು. ದೊಡ್ಡಬಳ್ಳಾಪುರ ಬರುವಷ್ಟರಲ್ಲಿ ನನ್ನ ಹಲ್ಲು ಚುಳ್ಳೆನ್ನುತ್ತಿತ್ತು. ಹನ್ನೊಂದು ವರ್ಷ ಹೀಗೆ ನಡೆಯಿತು ಎಂದು ಬರೆಯಲು ಹೊರಟೆ. ಹುಣಸೆ ಚಿಗುರುವುದು ವರ್ಷಕ್ಕೆ ಕೆಲವೇ ವಾರ. ನೆನಪು ಅದನ್ನು ಹನ್ನೊಂದು ವರ್ಷಕ್ಕೆ ಹಿಗ್ಗಿಸಿಕೊಂಡಿದೆ.

ಅವರ ಪೆಟ್ಟಿಗೆಯಲ್ಲಿದ್ದ ಸ್ಪ್ಯಾನರುಗಳಲ್ಲಿ ಅಂಗಡಿಯಿಂದ ಬಂದ ರೂಪದಲ್ಲಿ ಉಳಿದದ್ದು ಅರ್ಧದಷ್ಟೂ ಇರಲಿಲ್ಲ. ಒಂದೊಂದನ್ನೂ ಒಂದೊಂದು ಇಕ್ಕಟ್ಟಿಗೆ ತಕ್ಕಂತೆ ಉಜ್ಜಿ, ಕಾಯಿಸಿ, ಬಗ್ಗಿಸಿದ್ದರು. ಅವುಗಳಲ್ಲಿ ಒಂದು ಹತ್ತೊಂಬತ್ತು ಎಂಎಂ ಅಳತೆಯ ರಿಂಗ್ ಸ್ಪ್ಯಾನರ್. ನಟ್ಟಿನ ಸುತ್ತ ಬಳೆಯಂತೆ ಕೂರುವ ಬಗೆ. ಅದರ ಹಿಡಿಯನ್ನು ಬೆರಳಷ್ಟು ತೆಳ್ಳಗೆ ಮಾಡಿ, ಮಧ್ಯದಲ್ಲಿ ಕುಡುಗೋಲಿನಂತೆ ಬಾಗಿಸಿದ್ದರು. ಬ್ರ್ಯಾಂಡಿನ ಅಕ್ಷರಗಳು ಉಜ್ಜುವಾಗಲೇ ಹೋಗಿದ್ದವು. ಅದಕ್ಕೆ ಅವರಿಟ್ಟ ಹೆಸರು ಸೊಟ್ಟಿ. ಇಂಜಿನ್ನಿನಲ್ಲಿ ಟರ್ಬೊ ಎಂಬ ಭಾಗದ ಹಿಂದೆ, ಹೊಗೆ ಕೊಳವೆಯ ಕೊನೆಯ ಬೋಲ್ಟ್ ಒಂದಿದೆ. ಕಣ್ಣಿಗೆ ಕಾಣುವುದಿಲ್ಲ, ನೇರ ಸ್ಪ್ಯಾನರ್ ತಲುಪುವುದಿಲ್ಲ. ಬೇರೆಯವರು ಅದಕ್ಕಾಗಿ ಸುತ್ತಲಿನ ಸಾಮಾನೆಲ್ಲ ಬಿಚ್ಚಿ ಒಂದೂವರೆ ಗಂಟೆ ಕಳೆಯುತ್ತಿದ್ದರು. ಬ್ಯಾಟಪ್ಪ ಸೊಟ್ಟಿಯನ್ನು ಒಳಗೆ ಬಿಟ್ಟು, ಬೇರೆಲ್ಲೋ ನೋಡುತ್ತಾ, ಹತ್ತು ನಿಮಿಷದಲ್ಲಿ ಬೋಲ್ಟನ್ನು ಅಂಗೈಯಲ್ಲಿ ತೋರಿಸುತ್ತಿದ್ದರು. ಸೊಟ್ಟಿ ಕೊಳವೆಗೆ ತಾಗಿ ಟಿಕ್, ಟಿಕ್ ಎನ್ನುವ ಸದ್ದು ಟೂಲ್ ರೂಮಿನವರೆಗೆ ಕೇಳುತ್ತಿತ್ತು. ಅದು ಇಷ್ಟು ಬೇಕಾಗುತ್ತದೆ ಎಂದು ಗೊತ್ತಿದ್ದರೆ ಫೋನಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದೆ.

ಹೋಲಿಕೆಗೆ ಮೂರು ಬ್ರ್ಯಾಂಡ್ ತರಿಸಿದೆ. ಒಂದು ನಮ್ಮ ದೇಶದ ಅಗ್ಗದ್ದು, ಹನ್ನೆರಡು ಸ್ಪ್ಯಾನರಿನ ಸೆಟ್ಟಿಗೆ ಎರಡು ಸಾವಿರದ ಆಸುಪಾಸು. ಇನ್ನೊಂದು ನಮ್ಮ ದೇಶದ್ದೇ, ಹೊರದೇಶಕ್ಕೂ ಮಾರುವವರದು, ಅದರ ಎರಡು ಪಟ್ಟಿಗಿಂತ ತುಸು ಹೆಚ್ಚು. ಮೂರನೆಯದು ಯುರೋಪಿನದು, ಅಗ್ಗದ್ದಕ್ಕಿಂತ ಏಳು ಪಟ್ಟು. ಮೂರೂ ಕ್ರೋಮ್ ವೆನೇಡಿಯಂ ಉಕ್ಕು ಎಂದು ಹೇಳಿಕೊಳ್ಳುತ್ತಿದ್ದವು. ಹೆಸರು ನೋಡಿ ಯಾರೂ ಮರುಳಾಗದಿರಲಿ ಎಂದು ಬ್ರ್ಯಾಂಡಿನ ಅಕ್ಷರಗಳ ಮೇಲೆ ಟೇಪ್ ಸುತ್ತಿದೆ: ಅಗ್ಗದ್ದಕ್ಕೆ ಹಳದಿ, ನಡುವಿನದಕ್ಕೆ ನೀಲಿ, ಯುರೋಪಿನದಕ್ಕೆ ಕೆಂಪು. ಆರು ಜನ ಮೆಕ್ಯಾನಿಕ್‌ಗಳು ಎರಡು ವಾರ ಬಳಸಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು, ಆಮೇಲೆ ನಾನು ಮೂರನ್ನೂ ಯಂತ್ರದಲ್ಲಿ ಎಳೆದು ಪರೀಕ್ಷಿಸಬೇಕು.

ನನ್ನ ಗುಟ್ಟು ಕಾಲು ಗಂಟೆಯೂ ಉಳಿಯಲಿಲ್ಲ. ಬ್ಯಾಟಪ್ಪ ಮೂರನ್ನೂ ಒಂದೊಂದಾಗಿ ಸಿಮೆಂಟ್ ನೆಲದ ಮೇಲೆ ಬೀಳಿಸಿ, ತಲೆ ವಾರೆ ಮಾಡಿ ಕೇಳಿಸಿಕೊಂಡರು.

"ಕೆಂಪು ಹೊರಗ್ಲದ್ದು. ನೀಲಿ ನಮ್ದೇ, ಒಳ್ಳೇದು. ಹಳದಿ," ಎಂದು ಅನ್ಸರನ ಕಡೆ ತಿರುಗಿ, "ಲೇ ಅನ್ಸರೂ, ನಿನ್ ಬೆಳ್ಳು ಮುರುದ್ನಲ್ಲ, ಅವ್ನ ತಮ್ಮ ಕಣೋ ಇದು."

ಅನ್ಸರ್ ಪ್ಲಾಸ್ಟರ್ ಕೈ ಎತ್ತಿ ಹಳದಿಗೆ ಸಲಾಂ ಹೊಡೆದ.

ಎರಡು ವಾರದ ನಂತರ ಅಂಕಪಟ್ಟಿಗಳು ಬಂದವು. ಐದು ಜನ ಹಳದಿಗೆ ಎರಡು, ಮೂರು ಕೊಟ್ಟಿದ್ದರು. ಬ್ಯಾಟಪ್ಪ ಹಳದಿಗೆ ಒಂಬತ್ತು, ಕೆಂಪಿಗೆ ನಾಲ್ಕು ಕೊಟ್ಟಿದ್ದರು. ಟೂಲ್ ರೂಮಿಗೆ ಕರೆಸಿದೆ. ಅನ್ಸರ್ ತಾನಾಗಿಯೇ ಬಂದು ಬಾಗಿಲಿಗೆ ಒರಗಿ ನಿಂತ.

"ಬ್ಯಾಟಪ್ಪನೋರೇ, ಹಳದಿಗೆ ಒಂಬತ್ತಾ?"

"ಚೆನ್ನಾಗೈತೆ, ಕೊಟ್ಟೆ."

"ಕೆಂಪಿಗೆ ನಾಲ್ಕು?"

"ಕೈಗೆ ಕೂರಕಿಲ್ಲ ಅದು. ಮದ್ವೆ ಮನೇಗ್ ಬಂದ ದೊಡ್ಮನುಷ್ಯನಂಗೆ, ಎಲ್ಲಿಟ್ರೂ ಸರಿಹೋಗಕಿಲ್ಲ."

"ಅಣ್ಣಾ, ಈ ಮಾರ್ಕ್ಸ್ ನೋಡಿದ್ರೆ ಹಳದಿ ಕಂಪ್ನಿಯೋರು ನಿನ್ನ ಅಳಿಯ ಮಾಡ್ಕೊಂಬಿಡ್ತಾರೆ," ಅಂದ ಅನ್ಸರ್.

ನಾನು ನಗಲಿಲ್ಲ. ಬ್ಯಾಟಪ್ಪ ಸ್ವಲ್ಪ ಹೊತ್ತು ಮೇಜಿನ ಅಂಚನ್ನು ಉಗುರಿನಿಂದ ಕೆರೆದರು. ಆಮೇಲೆ ಹೇಳಿಬಿಟ್ಟರು.

"ಹಳದಿ ತಂದ್ರೆ ಮೂರ್ ತಿಂಗ್ಳು ಮೇಡಮ್ಮೋರೇ. ಎಲ್ಲಾ ಬಾಯ್ ಬಿಡ್ತವೆ. ಆಗ ನೀವೇ ಬತ್ತೀರ, ಬ್ಯಾಟಪ್ಪ ನಿನ್ ಪೆಟ್ಗೆ ತತ್ತಾರಪ್ಪ ಅಂತ."

"ಆ ಮೂರು ತಿಂಗಳಲ್ಲಿ ಇನ್ನೊಬ್ಬರ ಬೆರಳು ಹೋದರೆ?"

ಅವರು ಅನ್ಸರನ ಪ್ಲಾಸ್ಟರನ್ನು ನೋಡಿದರು. "ಅದು ಹೊಳೀಲಿಲ್ಲ ಕಣಮ್ಮ," ಅಂದರು. ಅಷ್ಟು ವರ್ಷಗಳಲ್ಲಿ ನನ್ನನ್ನು ಮೇಡಮ್ ಎನ್ನದೆ ಅಮ್ಮ ಅಂದದ್ದು ಅದೇ ಮೊದಲು.

ಹೊರಟವರು ಬಾಗಿಲಲ್ಲಿ ನಿಂತರು. "ನಿಮ್ ಮಿಷನ್ಗೆ ನನ್ ಸೊಟ್ಟೀನೂ ಹಾಕಿ. ಪಾಸಾದ್ರೆ ಪೆಟ್ಗೆ ಇಲ್ಲೇ ಇರ್ಲಿ. ಫೇಲಾದ್ರೆ ನಾನೇ ಹೊತ್ಕೊಂಡೋಯ್ತೀನಿ, ಯಾರೂ ಹೇಳೋದೇ ಬ್ಯಾಡ."

ನಾನು ಏನು ಉತ್ತರ ಕೊಟ್ಟೆ ಎಂಬುದು ಈ ಬರಹದಲ್ಲಿ ನನಗೆ ಕಷ್ಟದ ಜಾಗ. "ಬೇಡ ಬ್ಯಾಟಪ್ಪನೋರೇ, ಅದು ಅಷ್ಟು ಭಾರಕ್ಕೆ ಮಾಡಿದ್ದಲ್ಲ" ಎಂದೆ ಎಂದು ನನ್ನ ನೆನಪು. ಕಳೆದ ತಿಂಗಳು ಅನ್ಸರನಿಗೆ ಫೋನ್ ಮಾಡಿ ಕೇಳಿದೆ. "ಇಲ್ಲ ಮೇಡಮ್, ನೀವು ‘ಆಯ್ತು ತನ್ನಿ’ ಅಂದ್ರಿ. ಜಲ್ದಿ ಅಂದ್ಬಿಟ್ರಿ," ಅಂದ. ನನ್ನ ನೆನಪು ನನ್ನ ಪರವಾಗಿ ಸಾಕ್ಷಿ ಹೇಳುತ್ತಿದೆ. ಅನ್ಸರನಿಗೆ ಇದರಲ್ಲಿ ಲಾಭವಿಲ್ಲ. ಹಾಗಾಗಿ ಅವನದನ್ನೇ ಇಟ್ಟುಕೊಳ್ಳುತ್ತೇನೆ.

ಪರೀಕ್ಷೆ ಹೀಗೆ. ಬೆಂಚಿಗೆ ಬಿಗಿದ ಉಕ್ಕಿನ ನಟ್ಟಿಗೆ ಸ್ಪ್ಯಾನರ್ ಹಾಕಿ, ಹಿಡಿಯ ತುದಿಯನ್ನು ಸ್ಕ್ರೂನಿಂದ ನಿಧಾನವಾಗಿ ಎಳೆಯುತ್ತೇವೆ. ತಿರುಚುವ ಬಲ, ಅಂದರೆ ಟಾರ್ಕ್, ಎಷ್ಟಾಯಿತೆಂದು ಗೇಜಿನ ಮುಳ್ಳು ತೋರಿಸುತ್ತದೆ. ಪ್ರತಿ ಅಳತೆಯ ಸ್ಪ್ಯಾನರ್ ಇಷ್ಟು ಹೊರಲೇಬೇಕೆಂಬ ಮಾನದಂಡವಿದೆ. ಗರಿಷ್ಠ ಅಂಕಿಯನ್ನು ಹಿಡಿದು ನಿಲ್ಲಿಸುವ ಎರಡನೆಯ ಮುಳ್ಳೊಂದು ಗೇಜಿನಲ್ಲಿ ಇರುತ್ತದೆ. ನಮ್ಮದರಲ್ಲಿ ಅದು ಕೆಟ್ಟಿತ್ತು. ವಸ್ತು ಸೋಲುವ ಕ್ಷಣದಲ್ಲಿ ಒಬ್ಬರು ಕಣ್ಣಿಟ್ಟು ಓದಬೇಕು. ಓದುವವಳು ನಾನು.

ಹಳದಿ ಅರ್ಧ ದಾರಿಯಲ್ಲೇ ಬಾಯಿ ಬಿಟ್ಟಿತು. ನೀಲಿ ಮಾನದಂಡ ದಾಟಿತು, ಒಂದು ಗೀರೂ ಬೀಳಲಿಲ್ಲ. ಕೆಂಪು ಇನ್ನೂ ಮುಂದಕ್ಕೆ ಹೋಯಿತು, ಆದರೆ ನಮ್ಮ ಲಾರಿಗಳಲ್ಲಿ ಅಷ್ಟು ಬಲ ಬೇಡುವ ಬೋಲ್ಟನ್ನು ಕೈಯಿಂದ ಯಾರೂ ಬಿಚ್ಚುವುದಿಲ್ಲ. ಉತ್ತರ ಸ್ಪಷ್ಟವಿತ್ತು: ನೀಲಿ. ಮೂರನೆಯ ಬ್ರ್ಯಾಂಡಿಗೆ ಕೊಡುವ ಹೆಚ್ಚಿನ ಬೆಲೆ, ನಾವು ಎಂದೂ ಬಳಸದ ಶಕ್ತಿಗೆ ಕೊಟ್ಟ ಬೆಲೆ.

ಕೊನೆಗೆ ಬ್ಯಾಟಪ್ಪ ಸೊಟ್ಟಿಯನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ ತಾವೇ ನಟ್ಟಿಗೆ ಕೂರಿಸಿದರು. ಅದು ಸೋಲುತ್ತದೆಂದು ನನಗೆ ಗೊತ್ತಿತ್ತು. ಆ ಕೊನೆಯ ಬೋಲ್ಟಿಗೆ ಬೇಕಾದ ಬಲ ಮಾನದಂಡದ ಮೂರರಲ್ಲಿ ಒಂದು ಭಾಗವೂ ಅಲ್ಲ. ಅಲ್ಲಿ ತಲುಪಲೆಂದೇ ಅವರು ಅದರ ಉಕ್ಕನ್ನು ಉಜ್ಜಿ ಕಳೆದದ್ದು. ತಲುಪುವುದಕ್ಕೆ ಮಾಡಿದ್ದನ್ನು ಹೊರುವ ಪರೀಕ್ಷೆಗೆ ಕೂರಿಸುವುದು ತಪ್ಪು. ಇದನ್ನು ಹೇಳಬೇಕಾದ ಎಂಜಿನಿಯರ್ ನಾನೇ. ಆದರೆ ಪೆಟ್ಟಿಗೆ ಕಳಿಸುವ ಕೆಟ್ಟ ಕೆಲಸವನ್ನು ಯಂತ್ರ ಮಾಡಲಿ, ನನ್ನ ಬಾಯಿಂದ ಬೇಡ ಎಂಬ ಆಸೆ ಇತ್ತು. ಇಷ್ಟು ವರ್ಷದ ನಂತರ ಅದನ್ನು ಆಸೆ ಎಂದೇ ಕರೆಯುತ್ತೇನೆ.

ಅನ್ಸರ್ ಒಳ್ಳೆಯ ಕೈಯಿಂದ ಸ್ಕ್ರೂ ತಿರುಗಿಸಿದ. ಮುಳ್ಳು ಏಳತೊಡಗಿತು. ಸೊಟ್ಟಿಯ ಬಾಗು ಸ್ವಲ್ಪ ನೇರವಾದಂತೆ ಕಂಡಿತು. ನಾನು ಮುಳ್ಳಿನಿಂದ ಕಣ್ಣು ತೆಗೆದು ಬ್ಯಾಟಪ್ಪನವರನ್ನು ನೋಡಿದೆ. ಅವರು ಗೇಜನ್ನೂ ನೋಡುತ್ತಿರಲಿಲ್ಲ, ಸೊಟ್ಟಿಯನ್ನೂ ನೋಡುತ್ತಿರಲಿಲ್ಲ. ತಲೆ ವಾರೆ ಮಾಡಿ ಕಿವಿಗೊಟ್ಟಿದ್ದರು. ಯಾರಿಗೂ ಕೇಳಿಸದ ಏನೋ ಅವರಿಗೆ ಕೇಳಿಸಿರಬೇಕು. ಕಣ್ಣು ಮುಚ್ಚಿದರು. ಆಮೇಲೆ ನಮಗೂ ಕೇಳಿಸಿತು. ದೊಡ್ಡ ಸದ್ದೇನಲ್ಲ.

ನಾನು ತಿರುಗಿದಾಗ ಮುಳ್ಳು ಸೊನ್ನೆಗೆ ಮರಳಿತ್ತು.

ವರದಿಯಲ್ಲಿ ನಾಲ್ಕನೆಯ ಸಾಲು ಹೀಗಿದೆ: ಬ್ರ್ಯಾಂಡ್, ಇಲ್ಲ. ಬೆಲೆ, ಇಲ್ಲ. ಫಲಿತಾಂಶ, ಅನುತ್ತೀರ್ಣ. ಟಾರ್ಕ್ ಎಂಬ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದೆ. ಯಾರೂ ಕೇಳಲಿಲ್ಲ.

ಮಾರನೆಯ ಸಂಜೆ ಬ್ಯಾಟಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ವ್ಯಾನಿನಲ್ಲಿ ಕೂತರು. ಆದೇಶ ಜಾರಿಯಾಗಲು ಇನ್ನೂ ಒಂದು ತಿಂಗಳಿತ್ತು. ಕೆಳಗಿಡಿ ಎಂದು ಡ್ರೈವರ್ ಹೇಳಿದರೂ ಇಡಲಿಲ್ಲ. ನೀಲಿ ಸೆಟ್ಟುಗಳು ಬಂದವು. ಆ ವರ್ಷ ಮತ್ತೆ ಯಾರ ಕೈಗೂ ಪೆಟ್ಟಾಗಲಿಲ್ಲ ಎಂಬುದನ್ನೂ ಹೇಳಬೇಕು. ಟರ್ಬೊ ಹಿಂದಿನ ಬೋಲ್ಟ್ ಬಂದಾಗ ಬ್ಯಾಟಪ್ಪ ಎಲ್ಲರ ಹಾಗೆ ಸುತ್ತಲಿನದನ್ನು ಬಿಚ್ಚಿ ಒಂದೂವರೆ ಗಂಟೆ ತೆಗೆದುಕೊಂಡರು. ನೋಡಲಾಗದೆ ನಾನೊಮ್ಮೆ ಹೊಸ ಹತ್ತೊಂಬತ್ತನ್ನು ಅವರ ಮುಂದೆ ಇಟ್ಟೆ. "ಇದನ್ನು ನಿಮಗೆ ಬೇಕಾದ ಹಾಗೆ ಉಜ್ಜಿಕೊಳ್ಳಿ. ನಾನು ನೋಡಿಕೊಳ್ತೀನಿ."

"ಕಂಪ್ನಿ ಸಾಮಾನು ಉಜ್ಜಂಗಿಲ್ಲ ಅಂತ ನೀವೇ ಬೋರ್ಡ್ ನೇತಾಕಿದ್ದೀರಲ್ಲ ಮೇಡಮ್ಮೋರೇ," ಎಂದು ಅದನ್ನು ಅದರ ಜಾಗಕ್ಕೆ ತೂಗುಹಾಕಿ ಬಂದರು. ವ್ಯಂಗ್ಯವಿತ್ತೋ ಇಲ್ಲವೋ, ಈಗ ಹೇಳಲಾರೆ.

ಅವರು ನಿವೃತ್ತರಾದ ದಿನ ಶಾಲು, ಹಾರ, ಭಾಷಣ ಎಲ್ಲ ಆಯಿತು. ಸಂಜೆ ವ್ಯಾನಿನಲ್ಲಿ ಹಾರವನ್ನು ಮಡಿಲಲ್ಲಿ ಸುರುಳಿ ಸುತ್ತಿಟ್ಟುಕೊಂಡಿದ್ದರು. ದೊಡ್ಡಬಳ್ಳಾಪುರ ದಾಟಿದ ಮೇಲೆ ಹಿಂದಕ್ಕೆ ತಿರುಗಿದರು.

"ಮೇಡಮ್ಮೋರೇ, ಒಂದ್ ಕೇಳ್ಬೇಕಿತ್ತು. ಸೊಟ್ಟಿ ಎಷ್ಟಕ್ಕೆ ಹೋಯ್ತು?"

ಒಂದು ಸಂಖ್ಯೆ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮೂವತ್ತು ವರ್ಷ ಮುಳ್ಳು ಓದಿ ಸಂಬಳ ತಿಂದವಳು ನಾನು.

"ನೋಡಲಿಲ್ಲ ಬ್ಯಾಟಪ್ಪನೋರೇ."

"ನೋಡ್ನಿಲ್ವಾ!" ಅವರು ಜೋರಾಗಿ ನಕ್ಕರು. ಮುಂದೆ ಕೂತಿದ್ದ ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿದ. "ಅಷ್ಟ್ ದೊಡ್ ಮಿಷನ್ ಮಡಿಕ್ಕಂಡು ನೋಡ್ನಿಲ್ವಾ! ನಾನೂ ಒಬ್ಬ. ನೀವು ಬರ್ಕೊಂಡಿರ್ತೀರ, ಯಾವಾಗಾದ್ರೂ ಕೇಳಿದ್ರಾಯ್ತು ಅಂತ ಇಷ್ಟ್ ದಿನ ಸುಮ್ಕಿದ್ದೆ."

ನಗು ನಿಂತ ಮೇಲೆ ಅವರು ಮುಂದಕ್ಕೆ ತಿರುಗಿ ಕೂತರು. ದೇವನಹಳ್ಳಿಯಲ್ಲಿ ನಾನು ಇಳಿಯುವಾಗ "ಹೋಗ್ಬನ್ನಿ" ಅಂದರು.

ಈಗ ನಾನೂ ನಿವೃತ್ತಳು. ಸಲಕರಣೆ ಕೊಳ್ಳುವವರು ಯಾರಾದರೂ ಕೇಳಿದರೆ ಹೇಳುತ್ತೇನೆ: ಅತಿ ಅಗ್ಗದ್ದು ಬೇಡ, ಅತಿ ದುಬಾರಿಯದು ಬೇಕಿಲ್ಲ, ನಿಮ್ಮ ಬೋಲ್ಟಿಗೆ ಎಷ್ಟು ಬಲ ಬೇಕೆಂದು ಮೊದಲು ತಿಳಿದುಕೊಳ್ಳಿ. ವಸ್ತುವನ್ನು ಅದು ಮಾಡುವ ಕೆಲಸದಿಂದಲೇ ಅಳೆಯಿರಿ. ಇವು ಕೆಲಸ ಕಲಿಸಿದ ಪಾಠಗಳು, ಕೇಳಿದವರಿಗೆ ಉಪಯೋಗಕ್ಕೂ ಬಂದಿವೆ. ಇನ್ನೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಮುರಿಯುವವರೆಗೆ ಎಳೆಯುವ ಪರೀಕ್ಷೆಯನ್ನು ಒಂದು ವಸ್ತುವಿಗೆ ಒಂದೇ ಸಲ ಮಾಡಲು ಸಾಧ್ಯ. ಒಡೆಯನಿಗೆ ಕೊಡಲು ಕೊನೆಯಲ್ಲಿ ಉಳಿಯುವುದು ಆ ಒಂದು ಅಂಕಿ ಮಾತ್ರ. ಆದ್ದರಿಂದ ಆ ಹೊತ್ತಿನಲ್ಲಿ ಅವನ ಮುಖ ನೋಡಬಾರದು, ಮುಳ್ಳು ನೋಡಬೇಕು.

ನನಗೆ ಆ ಅಂಕಿ ಬೇಕು. ನೂರೋ, ನೂರೈವತ್ತೋ, ಎಷ್ಟಾದರೂ ಆಗಲಿ. ನಲ್ಲೂರಿಗೆ ಹೋಗಿ ಅವರಿಗೆ ಹೇಳಿ ಬರಬೇಕು.