ಒಂದು ಪೈಪು ಬಿಸಿ, ಒಂದು ತಣ್ಣಗೆ

ಅವಳು ಸೊಸೆಯಾಗಿ ಬಂದದ್ದು ಮೆಕ್ಯಾನಿಕ್ಕಿನ ಮನೆಗೆ. ಮಾವ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವರು. ಗಂಡನಿಗೆ ಗಾಡಿಯೆಂದರೆ ಅಷ್ಟಕ್ಕಷ್ಟೆ. ಅವನಾಯಿತು, ಅವನ ಹೊಲಿಗೆಯಂಗಡಿಯಾಯಿತು. ನಲವತ್ತು ದಾಟಿದ ಮೇಲೆ ಅವಳೇ ಡ್ರೈವಿಂಗ್ ಕಲಿತು, ಮಾವನ ಹಳೇ ಕಾರನ್ನು ಬಾಡಿಗೆಗೆ ಓಡಿಸತೊಡಗಿದಾಗ ಬೀದಿಯವರು ‘ಸ್ಟೇರಿಂಗ್ ಅಕ್ಕ’ ಎಂದು ನಕ್ಕರು. ನಕ್ಕವರ ಮುಂದೆ ಎಡವಬಾರದೆಂದು ಅವಳು ಹಟ ಹಿಡಿದಳು. ಈಗ ಆಸ್ಪತ್ರೆಗೆ ಹೋಗಿಬರುವ ವಯಸ್ಸಾದವರೆಲ್ಲ ಅವಳ ಕಾರೇ ಬೇಕೆನ್ನುತ್ತಿದ್ದರು.

ಆ ಚಳಿಗಾಲ ಹೀಟರ್ ಕೈಕೊಟ್ಟಿತು. ಗಾಳಿಯೇನೋ ಭರ್ರನೆ ಬರುತ್ತಿತ್ತು, ಆದರೆ ಬಾವಿಯೊಳಗಿಂದ ಬಂದಂತೆ ತಣ್ಣಗೆ. ಡಯಾಲಿಸಿಸ್ ಮುಗಿಸಿ ಬರುವ ಟೀಚರಮ್ಮ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದೂ ನಡುಗುವುದನ್ನು ಅವಳು ಕನ್ನಡಿಯಲ್ಲಿ ಕಂಡಳು.

ಅಂದು ಸಂಜೆಯೇ ಮನೆಮುಂದೆ ಬಾನೆಟ್ ತೆರೆದಿಟ್ಟು ಮಾವನನ್ನು ಕರೆದಳು.

“ಇಂಜಿನ್ ಸರಿಯಾಗಿ ಬಿಸಿಯಾಗ್ತಿದೆಯಾ?”

“ಬಿಸಿ ತೋರಿಸೋ ಮುಳ್ಳು ನಡುಮಧ್ಯೆ ನಿಂತಿದೆ ಮಾವ. ಕೂಲೆಂಟ್ ನೀರೂ ಗೆರೆವರೆಗಿದೆ. ಬೆಳಿಗ್ಗೆ ತಣ್ಣಗಿದ್ದಾಗಲೇ ನೋಡಿದೆ.”

“ಹಾಗಾದ್ರೆ ಈ ಎರಡು ಪೈಪು ಮುಟ್ಟಬೇಕು. ಇಂಜಿನ್ನಿನ ಬಿಸಿನೀರು ಒಂದರಲ್ಲಿ ಹೀಟರಿಗೆ ಹೋಗತ್ತೆ, ಇನ್ನೊಂದರಲ್ಲಿ ವಾಪಸ್ ಬರತ್ತೆ.” ಅವರು ಎರಡನ್ನೂ ಬೆರಳಲ್ಲಿ ಸವರಿ ತಲೆಯಾಡಿಸಿದರು. “ಎರಡೂ ಬಿಸಿ. ನೀರು ಓಡಾಡ್ತಿದೆ. ಗಾಳಿಯನ್ನ ಹೀಟರ್ ಕಡೆ ತಿರುಗಿಸೋ ಒಳಬಾಗಿಲು ಕೆಟ್ಟಿರಬೇಕು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾಗತ್ತೆ.”

ಅವಳೂ ಮುಟ್ಟಿದಳು. ಒಂದು ಚುರುಕ್ಕೆಂದಿತು. ಇನ್ನೊಂದು ಉಗುರುಬೆಚ್ಚಗೂ ಇರಲಿಲ್ಲ. ಮತ್ತೊಮ್ಮೆ ಮುಟ್ಟಿದಳು, ಅದೇ. ಗಂಟಲವರೆಗೆ ಬಂದ ಮಾತನ್ನು ನುಂಗಿಬಿಡಬಹುದಿತ್ತು. ಆದರೆ ಇಲ್ಲದ ರೋಗಕ್ಕೆ ಕಾರಿನ ಹೊಟ್ಟೆ ಕೊಯ್ದು, ವಾರಗಟ್ಟಲೆ ಮನೆಮುಂದೆ ನಿಲ್ಲಿಸಿದರೆ ಟೀಚರಮ್ಮನ ಗತಿಯೇನು?

“ಮಾವ, ಇದೊಂದು ತಣ್ಣಗಿದೆ.”

ಮಾವ ತಮ್ಮ ಬೆರಳುಗಳನ್ನೇ ನೋಡುತ್ತ ನಿಂತರು. “ಸಕ್ಕರೆ ಕಾಯಿಲೆ ಕಣಮ್ಮ. ಬೆರಳು ಮರಗಟ್ಟಿ ವರ್ಷವಾಯ್ತು. ಯಾರಿಗೂ ಹೇಳಿರಲಿಲ್ಲ.”

“ನನಗೆ ಗೊತ್ತಿತ್ತು. ಒಲೆ ಮೇಲಿನ ಪಾತ್ರೆ ಬರಿಗೈಲಿ ಇಳಿಸಿದ್ರಲ್ಲ, ಅವತ್ತೇ.”

“ಮತ್ತೆ ಯಾಕೆ ಕೇಳಲಿಲ್ಲ?”

“ನೀವಾಗೇ ಹೇಳ್ತೀರಿ ಅಂತ ಸುಮ್ಮನಿದ್ದೆ.”

ಅವರು ಸ್ಟೂಲು ಎಳೆದುಕೊಂಡು ಕೂತರು. ಮುಖದಲ್ಲಿ ಸಿಟ್ಟಿರಲಿಲ್ಲ. “ಸರಿ, ಈಗ ನೀನೇ ಹೇಳು. ಏನಾಗಿದೆ?”

“ಒಳಗೆ ಹೋದ ನೀರು ಹೊರಗೆ ಬರ್ತಿಲ್ಲ. ಹೀಟರೊಳಗೆ ಕಸ ಕಟ್ಟಿಕೊಂಡಿದೆ. ಡ್ಯಾಶ್‌ಬೋರ್ಡ್ ತಂಟೆಗೆ ಹೋಗೋದು ಬೇಡ ಮಾವ. ಪೈಪು ಕಳಚಿ, ವಾಪಸ್ ಬರೋ ಕಡೆಯಿಂದ ನೀರು ಬಿಟ್ಟು ನೋಡೋಣ.”

“ನೋಡೋಣ ಅಲ್ಲ, ನೋಡು,” ಎಂದರು ಮಾವ. “ಕೈ ನಿಂದೇ.”

ಮರುದಿನ ಇಂಜಿನ್ ತಣ್ಣಗಿದ್ದಾಗ ಪೈಪು ಕಳಚಿ, ಕೆಳಗೆ ಬೋಗುಣಿಯಿಟ್ಟು ನಲ್ಲಿಯ ನೀರು ಬಿಟ್ಟಳು. ಮೊದಲು ತೊಟ್ಟು ತೊಟ್ಟಾಗಿ ಬಂತು. ಸ್ವಲ್ಪ ಹೊತ್ತಿಗೆ ತುಕ್ಕುಬಣ್ಣದ ಕೆಸರು ಬುಳಬುಳನೆ ಹೊರಬಿತ್ತು. ತಿಳಿನೀರು ಹರಿಯುವವರೆಗೂ ಬಿಡಲಿಲ್ಲ. ಪೈಪು ಬಿಗಿದು, ಹೊಸ ಕೂಲೆಂಟ್ ತುಂಬಿ, ಒಳಗೆ ಸಿಕ್ಕಿದ ಗಾಳಿಯ ಗುಳ್ಳೆ ಏಳುವುದು ನಿಲ್ಲುವತನಕ ಇಂಜಿನ್ ಓಡಿಸಿದಳು. ಮಾವ ಮುಂದಿನ ಸೀಟಿನಲ್ಲಿ ಕೂತು ಗಾಳಿಗೆ ಕೆನ್ನೆಯೊಡ್ಡಿದರು. ಕಣ್ಣು ಮುಚ್ಚಿದರು.

“ಚೆನ್ನಾಗಿ ಕಾದಿದೆ,” ಎಂದರು.

ವಾರದ ನಂತರ ಅವಳು ಟೀಚರಮ್ಮನನ್ನು ಮನೆಗೆ ಬಿಟ್ಟು ಬಂದಾಗ ಮೂಲೆಯ ಬೇಕರಿಯವನು ವ್ಯಾನು ತಂದು ನಿಲ್ಲಿಸಿದ್ದ. “ಯಜಮಾನ್ರೇ, ನೀವೊಂದ್ಸಲ ನೋಡಿದ್ರೆ ಸಾಕು,” ಎಂದು ಮಾವನ ಮುಂದೆ ಗೋಗರೆಯುತ್ತಿದ್ದ.

“ನಾನ್ಯಾಕೆ?” ಮಾವನ ದನಿ ಆಚೆ ಬೀದಿಗೂ ಕೇಳುವಂತಿತ್ತು. “ನಮ್ಮ ಮನೆ ಮೆಕ್ಯಾನಿಕ್ ಈಗ ಬಂದಳು ನೋಡು. ಅವಳನ್ನ ಕೇಳು.”

ಅವಳಿಗೆ ಎದೆ ತುಂಬಿಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ ಎತ್ತುವಂತೆ ಬೇಕರಿಯವನಿಗೆ ಕೈಸನ್ನೆ ಮಾಡಿದಳು.