ಚಿತ್ತಯ್ಯ ಕೊಂಡ ಸಣ್ಣ ಕ್ಯಾಮೆರಾ

ಮಾರಿಕಣಿವೆಯ ಅಣೆಕಟ್ಟಿನಲ್ಲಿ ತೂಬಿನ ಚಕ್ರ ತಿರುಗಿಸಿ ನಾಲೆಗೆ ನೀರು ಬಿಡುವ ಕೆಲಸದ ಚಿತ್ತಯ್ಯನಿಗೆ ಎರಡು ಹುಚ್ಚಿದ್ದವು. ಒಂದು ಅಣ್ಣನದು, ಇನ್ನೊಂದು ಫೋಟೋದ್ದು. ಅಣ್ಣನ ಹುಚ್ಚು ಹಾಲಿನ ಜೊತೆಗೇ ಬಂದದ್ದು. ಫೋಟೋದ ಹುಚ್ಚು ಇಸವಿ ಸಾವಿರದ ಒಂಬೈನೂರ ತೊಂಬತ್ತರ ಆಸುಪಾಸಿನಲ್ಲಿ ಅಂಟಿದ್ದು. ಹಿರಿಯೂರಿನ ಲಕ್ಷ್ಮೀಕಾಂತನ ಸ್ಟುಡಿಯೋದ ಗಾಜಿನ ಬೀರುವಿನಲ್ಲಿ ಒಂದು ಹಳೆಯ ರೀಲು ಕ್ಯಾಮೆರಾ ಯಾರಿಗೂ ಬೇಡವಾಗಿ ಧೂಳು ಕುಡಿಯುತ್ತಾ ಬಿದ್ದಿತ್ತು. ಚಿತ್ತಯ್ಯ ಅದನ್ನು ಕೊಂಡು ತಂದ ಮೇಲೆ ಭಾನುವಾರಗಳೆಲ್ಲ ಅದರ ಪಾಲಾದವು. ಚಂದ್ರವಳ್ಳಿಯ ಬಂಡೆಗಳು, ಹಿನ್ನೀರಿನ ಕೊಕ್ಕರೆಗಳು, ಮದಕರಿಪುರದ ಒಣಗಿದ ಕೆರೆಯಂಗಳದಲ್ಲಿ ಮೇಯುವ ಕುರಿಹಿಂಡು, ಏನು ಸಿಕ್ಕರೂ ಸರಿ. ಗುರುವಿಲ್ಲ, ಪಾಠವಿಲ್ಲ. ಕಲಿತದ್ದೆಲ್ಲ ಕೆಡಿಸಿ ಕೆಡಿಸಿಯೇ.

ಅವನು ಕ್ಯಾಮೆರಾ ಹಿಡಿಯುವ ರೀತಿ ಮಾತ್ರ ಸ್ಟುಡಿಯೋದವರಿಗೆ ಇರಲಿ, ಪೇಟೆಯ ಯಾರಿಗೂ ಗೊತ್ತಿರಲಿಲ್ಲ. ಕುರಿ ಕಾಯುವವರು ಕೋಲನ್ನು ನೆಲಕ್ಕೆ ಊರಿ, ಅದರ ತುದಿಗೆ ಗದ್ದ ಕೊಟ್ಟು, ಒಂಟಿಗಾಲಲ್ಲಿ ಜಾವಗಟ್ಟಲೆ ಅಲುಗದೆ ನಿಲ್ಲುತ್ತಾರಲ್ಲ, ಅದೇ ರೀತಿ. ಕೋಲಿನ ತುದಿಯ ಮೇಲೆ ಕ್ಯಾಮೆರಾ ಕೂರಿಸಿ, ಹಣೆಯನ್ನು ಅದಕ್ಕೆ ಒತ್ತಿ, ಕಿಂಡಿಗೆ ಕಣ್ಣು ಕೊಟ್ಟು, ಉಸಿರು ಕಟ್ಟಿ ಒತ್ತುತ್ತಿದ್ದ. ಪಟ ಕಲ್ಲಿನಲ್ಲಿ ಕೊರೆದ ಹಾಗೆ ಬರುತ್ತಿತ್ತು. ರೀಲು ತುಟ್ಟಿ. ಅದಕ್ಕೇ ಒಂದು ನೋಟಕ್ಕೆ ಒಂದೇ ಒತ್ತು. ಎರಡನೆಯದು ದುಂದು ಎಂಬುದು ಅವನ ರಕ್ತಕ್ಕೇ ಇಳಿದಿತ್ತು.

ಅಣ್ಣ ದೊಡ್ಡತಿಮ್ಮಪ್ಪ ಹೊಸದುರ್ಗದ ಕಡೆಯ ಹಟ್ಟಿಯಲ್ಲಿ ಕುರಿ ಸಾಕಿಕೊಂಡಿದ್ದ. ಅಪ್ಪ ಅವ್ವ ಒಬ್ಬರ ಬೆನ್ನಿಗೊಬ್ಬರು ಹೋದಾಗ ಚಿತ್ತಯ್ಯ ಮೂಗು ಒರೆಸಿಕೊಳ್ಳಲು ಬಾರದ ಕೂಸು. ಎಳೆಯ ಮರಿಗಳ ಜೊತೆಗೆ ತಮ್ಮನನ್ನೂ ಅದೇ ಕಂಬಳಿಯೊಳಗೆ ಸುತ್ತಿಕೊಂಡು ಬೆಳೆಸಿದವನು ಅಣ್ಣ. ಮನೆಯಲ್ಲಿ ಒಬ್ಬನಾದರೂ ಅಕ್ಷರದ ಮುಖ ನೋಡಲಿ ಎಂದು ಶಾಲೆಗೆ ಹಾಕಿದವನೂ ಅವನೇ. ಅಂಥ ಅಣ್ಣನ ಒಂದೂ ಫೋಟೋ ಚಿತ್ತಯ್ಯನ ಬಳಿ ಇರಲಿಲ್ಲ. ದೊಡ್ಡತಿಮ್ಮಪ್ಪ ಬಿಲ್‌ಕುಲ್ ಒಪ್ಪುತ್ತಿರಲಿಲ್ಲ. ತೊಂಬತ್ತರ ನಡುವಿನಲ್ಲಿ ಮತದಾರರ ಗುರುತಿನ ಚೀಟಿಗೆ ಫೋಟೋ ತೆಗೆಯುವವರು ಹಟ್ಟಿಗೆ ಬಂದರೆ, ಕುರಿ ಹೊಡೆದುಕೊಂಡು ಗುಡ್ಡ ಹತ್ತಿದವನು ಅವರ ಜೀಪಿನ ಧೂಳು ಅಡಗುವ ತನಕ ಕೆಳಗಿಳಿಯಲಿಲ್ಲ.

"ಅಣ್ಣಾ, ಊರೋರ್ದೆಲ್ಲ ತೆಗ್ದೀನಿ. ನಿಂದೊಂದು ಬ್ಯಾಡ್ವಾ?" ಎಂದು ಚಿತ್ತಯ್ಯ ಪ್ರತಿ ಹಬ್ಬಕ್ಕೂ ಕೇಳುವನು.

"ಲೇ, ಕುರಿ ಎಣಿಸಬಾರ್ದು, ಮನುಷ್ಯನ್ನ ಪಟ ಮಾಡಬಾರ್ದು. ಎರಡೂ ಸವೀತವೆ. ಗ್ವಾಡೆ ಮ್ಯಾಲೆ ಪಟದಾಗೆ ಇರೋರು ಯಾರಾದ್ರೂ ಕೆಳಗಿಳಿದು ಮುದ್ದೆ ಉಂಡಿದ್ದು ನೋಡಿದೀಯೇನಲೇ?"

ಒಲೆಯ ಮುಂದಿನಿಂದ ಅತ್ತಿಗೆ ತಿಪ್ಪಮ್ಮ ನಗುವಳು. "ಬಿಡಪ್ಪ ಚಿತ್ತಯ್ಯ, ಈ ಮುಖ ತೆಗೆದ್ರೆ ನಿನ್ ಡಬ್ಬಿ ಒಡೆದು ಹೋಗ್ತೈತೆ."

ಹೀಗೇ ವರ್ಷಗಳು ಉರುಳಿದವು. ಎರಡು ಸಾವಿರದ ಆರರ ಹೊತ್ತಿಗೆ ಲಕ್ಷ್ಮೀಕಾಂತ ಒಂದು ದಿನ, "ಚಿತ್ತಣ್ಣ, ಇನ್ ಮ್ಯಾಲೆ ರೀಲು ತರಿಸಲ್ಲ. ಕೇಳೋನು ನೀನೊಬ್ನೇ ಉಳಿದೀಯ. ಡಿಜಿಟಲ್ ತಗಂಬಿಡು" ಎಂದ.

ಅದೇ ವರ್ಷ ಚಿತ್ತಯ್ಯನ ಬಲಗೈ ನಡುಗಲು ಶುರುವಾಗಿತ್ತು.

ತೂಬಿನ ಚಕ್ರವನ್ನು ಬಿಗಿಯಾಗಿ ಹಿಡಿದಾಗ ನಡುಕ ಎಲ್ಲಿಗೋ ಅಡಗುತ್ತಿತ್ತು. ಕೈ ಮುಂದಕ್ಕೆ ಚಾಚಿದರೆ ಸಾಕು, ಗಾಳಿಗೆ ಸಿಕ್ಕ ಅರಳಿ ಎಲೆ. ಅವನು ಯಾರಿಗೂ ಹೇಳಲಿಲ್ಲ. ಕೆಂಡವನ್ನು ಸೆರಗಿನಲ್ಲಿ ಕಟ್ಟಿಕೊಂಡವರ ಹಾಗೆ ಕೈಯನ್ನು ಜೇಬಿನಲ್ಲಿ ಹೂತುಕೊಂಡು ತಿರುಗಿದ. ಹೆಂಡತಿ ಜಯಕ್ಕ ಅಷ್ಟು ದಿನ ಲೋಟದ ಕಂಠದ ತನಕ ಚಹಾ ಕೊಡುತ್ತಿದ್ದವಳು ಅರ್ಧ ಲೋಟಕ್ಕೆ ಇಳಿದಳು.

"ಏನೇ, ಹಾಲು ತುಟ್ಟಿ ಆತೇನೇ?" ಎಂದು ಚಿತ್ತಯ್ಯ ಕುಟುಕಿದ.

"ಹೂಂ ಕಣ್ರಿ, ತುಟ್ಟಿ ಆತು. ಬೇಕಾದ್ರೆ ಇನ್ನೊಂದು ಸಲ ಹಾಕ್ತೀನಿ, ಕುಡೀರಿ" ಎಂದು ಅವಳು ಒಳಗೆ ಹೋದಳು. ಅವಳು ತನ್ನ ನಡುಕ ಕಂಡಿದ್ದಾಳೆ ಎಂಬುದು ಅವನಿಗೆ ಹೊಳೆಯಲಿಲ್ಲ. ಬಚ್ಚಿಡುವವನಿಗೆ ತನ್ನ ಕಣ್ಣು ಮುಚ್ಚಿದರೆ ಲೋಕವೇ ಕುರುಡು.

ಮರುವರ್ಷ ಕಟ್ಟುತ್ತಿದ್ದ ಚೀಟಿ ಎತ್ತಿದ. ಬೇಕಾದ ಕ್ಯಾಮೆರಾ ತರುವಷ್ಟು ಹಣ ಕೈಯಲ್ಲಿತ್ತು. ಲಕ್ಷ್ಮೀಕಾಂತನನ್ನು ಜೊತೆಗೆ ಕರೆದುಕೊಂಡು ದುರ್ಗದ ಒಂದು ಅಂಗಡಿಗೆ ಹೋದ. ಅಂಗಡಿಯವನು ಗಾಜಿನ ಮೇಲೆ ಎರಡು ಇಟ್ಟ. ಒಂದು ಡಿಜಿಟಲ್ ಎಸ್‌ಎಲ್‌ಆರ್, ಕರಿಯ ಟಗರಿನ ತಲೆಯಂಥದ್ದು. ಮೂತಿಗೆ ದೊಡ್ಡ ಲೆನ್ಸು, ಬೆನ್ನಿಗೆ ಕಣ್ಣಿಡುವ ಕಿಂಡಿ. ಇನ್ನೊಂದು ಕಾಂಪ್ಯಾಕ್ಟ್. ಸೋಪಿನ ಡಬ್ಬಿಯಷ್ಟಗಲ, ಬೆಳ್ಳಿ ಬಣ್ಣ. ಕಿಂಡಿಯೇ ಇಲ್ಲ, ಬೆನ್ನ ಮೇಲಿನ ಪರದೆ ನೋಡಿಕೊಂಡು ತೆಗೆಯಬೇಕು.

"ನಿನ್ ಕೈಗೆ ದೊಡ್ಡದೇ ಸರಿ. ಇಷ್ಟು ವರ್ಷ ಹಣೆಗೆ ಒತ್ಕಂಡು ತೆಗ್ದೋನು. ಸಣ್ಣದು ಮದುವೆ ಮನ್ಯಾಗೆ ಹುಡುಗ್ರಿಗೆ" ಎಂದ ಲಕ್ಷ್ಮೀಕಾಂತ.

ಚಿತ್ತಯ್ಯನ ಮನಸ್ಸು ಕೂಡ ಬಾಗಿಲಲ್ಲೇ ದೊಡ್ಡದಕ್ಕೆ ಬಿದ್ದಿತ್ತು. ಅದನ್ನು ಎತ್ತಿದ. ಗಾಜಿನ ಕಟ್ಟೆಯಿಂದ ಹಣೆಗೆ ಬರುವ ಮೊಳದುದ್ದದ ದಾರಿಯಲ್ಲಿ ಅವನ ಕೈ ಕುಣಿಯಿತು. ಕುತ್ತಿಗೆಗೆ ಹಾಕುವ ಪಟ್ಟಿಯ ಬಕಲ್ಲು ಗಾಜಿಗೆ ಟಕಟಕ ಬಡಿಯಿತು. ಅಂಗಡಿಯವನು ತಟ್ಟನೆ ಕೈ ಒಡ್ಡಿ ಕ್ಯಾಮೆರಾದ ಅಡಿ ಹಿಡಿದ. ಪಕ್ಕದಲ್ಲಿ ನಿಂತಿದ್ದ ಗಿರಾಕಿಗಳು ತಿರುಗಿ ನೋಡಿದರು.

ಇನ್ನೊಂದು ಗೇಣು ಎತ್ತಿದ್ದರೆ ಹಣೆಗೆ ಆನುತ್ತಿತ್ತು. ಆನಿದ್ದರೆ ನಿಲ್ಲುತ್ತಿತ್ತು. ಚಿತ್ತಯ್ಯ ಎತ್ತಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಕೆಳಗಿಟ್ಟ.

"ಭಾರ ಐತೆ. ಈ ವಯಸ್ಸಿಗೆ ಗುಡ್ಡ ಹತ್ತೋವಾಗ ಕಲ್ಲು ಹೊತ್ಕಂಡು ಹೋಗ್ಬೇಕಾ? ಸಣ್ಣದೇ ಕೊಡ್ರಿ."

"ಒಳ್ಳೇದೇ ಸಾರ್" ಎಂದ ಅಂಗಡಿಯವನು, ಕಣ್ಣು ಬೇರೆ ಕಡೆ ಇಟ್ಟುಕೊಂಡು. "ಇದ್ರಾಗೆ ಕೈ ಅಲ್ಲಾಡಿದ್ರೂ ಫೋಟೋ ಅಲ್ಲಾಡಲ್ಲ. ಒಳಗೇ ಸಂಭಾಳಿಸ್ಕಂತೈತೆ."

ಆ ಒಂದು ಮಾತು ಚಿತ್ತಯ್ಯನಿಗೆ ದೇವರ ಪ್ರಸಾದದಂತೆ ಕಂಡಿತು. ಲಕ್ಷ್ಮೀಕಾಂತ ದೊಡ್ಡ ಕ್ಯಾಮೆರಾವನ್ನು ಗೆಳೆಯನ ಮುಂದಿನಿಂದ ಅತ್ತ ಸರಿಸಿದ.

ಆ ಬೇಸಿಗೆ ಚಿತ್ತಯ್ಯ ಹಟ್ಟಿಗೆ ಹೋದ. ಜೇಬಿನಲ್ಲಿ ಇಡುವ ಕ್ಯಾಮೆರಾಗೆ ಕೋಲು ಯಾಕೆಂದು ಕೋಲನ್ನು ಮನೆಯಲ್ಲೇ ಬಿಟ್ಟಿದ್ದ. ಹೊತ್ತು ಇಳಿಯುತ್ತಿತ್ತು. ಅಣ್ಣ ಕುರಿಗಳನ್ನು ರೊಪ್ಪಕ್ಕೆ ಕೂಡಿ, ಬೇವಿನ ಮರದ ಕೆಳಗೆ ನಿಂತಿದ್ದ. ಕೇಳುವ ರೂಢಿಗೆ ಚಿತ್ತಯ್ಯ ಕೇಳಿದ. "ಅಣ್ಣಾ, ಹೊಸ ಡಬ್ಬಿ ತಂದೀನಿ. ಈ ಸಲನಾದ್ರೂ..."

"ತೆಗಿ ಅತ್ಲಾಗೆ" ಎಂದ ದೊಡ್ಡತಿಮ್ಮಪ್ಪ.

ಚಿತ್ತಯ್ಯನಿಗೆ ಕಿವಿ ನಂಬಲಾಗಲಿಲ್ಲ. "ಈಗಾ? ಬೆಳಕು ಕಮ್ಮಿ ಐತಣ್ಣ. ಬೆಳಿಗ್ಗೆ ತೆಗೆಯಾಣ."

"ಬೆಳಿಗ್ಗೆ ನನ್ ಮನಸ್ಸು ಹೆಂಗಿರ್ತೈತೋ. ಈಗ್ಲೇ ತೆಗಿ. ಒಂದೇ ಸಲ, ಇನ್ನೊಂದು ಅಂದ್ರೆ ಕೋಲು ತಗಂತೀನಿ."

ಅಣ್ಣ ತನ್ನ ಕೋಲಿಗೆ ಗದ್ದ ಕೊಟ್ಟು ನಿಂತ. ಹೆಗಲ ಮೇಲೆ ಕಂಬಳಿ, ಹಿಂದೆ ರೊಪ್ಪದ ಮುಳ್ಳುಬೇಲಿ, ಅದರಾಚೆ ಬೂದಿ ಬಣ್ಣಕ್ಕೆ ತಿರುಗುತ್ತಿದ್ದ ಆಕಾಶ. ಇಷ್ಟು ವರ್ಷಕ್ಕೆ ಒಮ್ಮೆ ಸಿಕ್ಕ ನೋಟ. ಚಿತ್ತಯ್ಯ ಎರಡೂ ಕೈ ಮುಂದಕ್ಕೆ ಚಾಚಿ ಸಣ್ಣ ಕ್ಯಾಮೆರಾ ಹಿಡಿದ. ಹಣೆಗೆ ಆನಿಸಲು ಏನೂ ಇಲ್ಲ. ಪರದೆಯಲ್ಲಿ ಅಣ್ಣ ತೊಟ್ಟಿಲಲ್ಲಿದ್ದಂತೆ ತೂಗುತ್ತಿದ್ದ. ಒಳಗೇ ಸಂಭಾಳಿಸಿಕೊಳ್ಳುತ್ತದೆ ಎಂದು ಅಂಗಡಿಯವನ ಮಾತನ್ನು ನೆನೆದು, ಉಸಿರು ಕಟ್ಟಿ, ಒತ್ತಿದ.

ಪರದೆಯ ಮೇಲೆ ಪಟ ಬಂತು. ಹುಣಸೆ ಬೀಜದಷ್ಟು ಮುಖ, ಕಂಬಳಿ, ಕೋಲು. ಎಲ್ಲ ಸರಿಯಾಗೇ ಕಂಡಿತು. ಹಿಗ್ಗಿಸಿ ನೋಡುವ ಗುಂಡಿಯೊಂದು ಆ ಡಬ್ಬಿಯಲ್ಲಿತ್ತು. ಅದು ಅವನಿಗೆ ಗೊತ್ತಿರಲಿಲ್ಲ.

"ಇಷ್ಟೇ ಏನ್ಲೇ ನಾನು? ಉಣ್ಣೆಹುಳ ಇದ್ದಂಗೆ ಇದೀನಿ" ಎಂದು ಅಣ್ಣ ನಕ್ಕ. ತಿಪ್ಪಮ್ಮ ಬಂದು ಇಣುಕಿದಳು. "ಪರವಾಗಿಲ್ಲ, ಡಬ್ಬಿ ಒಡೀಲಿಲ್ಲ."

ಆ ಸಂಜೆಯ ಊಟ ಚಿತ್ತಯ್ಯನಿಗೆ ಮದುವೆಯೂಟ.

ಪಟವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಕಟ್ಟಿಸಬೇಕೆಂದುಕೊಂಡ. ಅಷ್ಟರಲ್ಲಿ ನಾಲೆಗೆ ನೀರು ಬಿಡುವ ಕಾಲ ಬಂತು, ತೂಬು ಬಿಟ್ಟು ಅಲುಗುವ ಹಾಗಿಲ್ಲ. ಇಂದು ನಾಳೆ ಎನ್ನುತ್ತಿರುವಾಗ ಹಟ್ಟಿಯಿಂದ ಫೋನು ಬಂತು. ದೊಡ್ಡತಿಮ್ಮಪ್ಪ ರೊಪ್ಪದ ಬಾಗಿಲು ತೆಗೆಯಲು ಹೋದವನು ಅಲ್ಲೇ ಕುಸಿದು ಕೂತು, ನೀರು ಕೇಳಿ, ನೀರು ಬರುವುದರೊಳಗೆ ಹೋಗಿದ್ದ. ಗಟ್ಟಿಮುಟ್ಟಾದ ಆಳು. ಮಣ್ಣು ಮಾಡುವಾಗ ಹಟ್ಟಿಯ ಹಿರಿಯ ರಂಗಯ್ಯ, "ಜಲ್ಮದಾಗೆ ತೆಗೆಸ್ದೋನಲ್ಲ, ತೆಗೆಸ್ದ, ಹೋದ" ಎಂದದ್ದು ಚಿತ್ತಯ್ಯನ ಕಿವಿಗೆ ಬಿತ್ತು. ಅಣ್ಣನಿಗೆ ಸಾವಿನ ವಾಸನೆ ಮೊದಲೇ ಹತ್ತಿತ್ತು, ಅದಕ್ಕೇ ಒಪ್ಪಿಕೊಂಡ ಎಂದು ಚಿತ್ತಯ್ಯ ತನಗೆ ತಾನೇ ಸಮಾಧಾನ ಹೇಳಿಕೊಂಡ. ಪಟವಾದರೂ ಉಳಿಯಿತಲ್ಲ.

ತಿಥಿಗೆ ಪಟ ಬೇಕೆಂದು ಲಕ್ಷ್ಮೀಕಾಂತನ ಹತ್ತಿರ ಹೋದ. ಅವನು ಅದನ್ನು ಕಂಪ್ಯೂಟರಿನಲ್ಲಿ ತೆರೆದ. ಪರದೆಯ ತುಂಬ ಪಟ ಹರಡಿಕೊಂಡಿತು. ಬೇಲಿಯ ಒಂದೊಂದು ಮುಳ್ಳೂ ಎರಡೆರಡು. ಕಂಬಳಿ ಹೊಗೆಯ ಹಾಗೆ. ಕಣ್ಣು, ಮೂಗು, ಮೀಸೆ ಇರಬೇಕಾದ ಕಡೆ ಅಂಗೈಯಿಂದ ಒರೆಸಿದಂಥ ಒಂದು ಮಾಸಲು.

"ಇದೊಂದೇನಾ ಇರೋದು?" ಎಂದು ಲಕ್ಷ್ಮೀಕಾಂತ ಮೆಲ್ಲಗೆ ಕೇಳಿದ.

"ಒಂದೇ."

"ಚಿತ್ತಣ್ಣ, ಡಿಜಿಟಲ್ ಕಣೋ. ರೀಲು ಖರ್ಚಾಗ್ತಿತ್ತೇನೋ? ಹತ್ತು ಒತ್ತಬಹುದಿತ್ತಲ್ಲೋ."

ಲಕ್ಷ್ಮೀಕಾಂತ ಪಾಪ, ಒಂದಿಡೀ ದಿನ ಕೂತು ಕಂಪ್ಯೂಟರಿನಲ್ಲಿ ತಿದ್ದಿದ. ಮೀಸೆ ಬರೆದ, ಮೂಗು ತೀಡಿದ. ಕಣ್ಣು ಮಾತ್ರ ಬರೆದರೆ ಕೂರಲಿಲ್ಲ. ಯಾರೋ ಗಿರಾಕಿಯ ಪಟದಿಂದ ಕಣ್ಣು ತೆಗೆದು ಇಟ್ಟ. ತಿದ್ದಿದ್ದು ಒಂದು, ತಿದ್ದದೆ ಬಿಟ್ಟದ್ದು ಒಂದು, ಎರಡನ್ನೂ ಅಚ್ಚು ಹಾಕಿಸಿಕೊಂಡು ಚಿತ್ತಯ್ಯ ತಿಥಿಯ ಹಿಂದಿನ ದಿನ ಹಟ್ಟಿಗೆ ಬಂದ.

ತಿಪ್ಪಮ್ಮ ಹಜಾರದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಿದ್ದಿದ ಪಟವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು.

"ಇವ್ರು ಯಾರೋ ಅಂಗಡಿ ಸಾವ್ಕಾರ್ರು ಇದ್ದಂಗೆ ಐತೆ. ನಮ್ಮನೇಗೆ ಯಾಕೆ?"

ಚಿತ್ತಯ್ಯ ಇನ್ನೊಂದನ್ನು ಕೊಟ್ಟ. ಅದನ್ನು ಅವಳು ಬಹಳ ಹೊತ್ತು ನೋಡಿದಳು.

"ಇದು ಅವ್ರೇ ಕಣಪ್ಪ. ನಿಂತಿರೋದು ನೋಡಿದ್ರೇ ಗೊತ್ತಾಗ್ತೈತೆ. ಆದ್ರೆ ಇದ್ರಾಗೆ ಹೋಗ್ತಾ ಇದಾರಲ್ಲೋ. ನೋಡಿದಾಗೆಲ್ಲ ಹೋಗ್ತಾನೇ ಇರ್ತಾರೆ." ಪಟವನ್ನು ಮಗುಚಿ ಅವನ ಕೈಗಿಟ್ಟಳು. "ಒಯ್ದುಬಿಡು. ನನ್ ಕೈಲಿ ಆಗಲ್ಲ."

"ಕೈ ನಡುಗ್ತು ಅತ್ತಿಗೆ" ಎಂದ ಚಿತ್ತಯ್ಯ. ಹೆಂಡತಿಗೂ ಹೇಳದ ಮಾತು ಬಾಯಿಂದ ತಾನಾಗಿ ಜಾರಿತು. "ವರ್ಷದಿಂದ ನಡುಗ್ತಾ ಐತೆ. ಯಾರಿಗೂ ಹೇಳ್ಲಿಲ್ಲ. ನಾಚಿಕೆಗೆ ಬಿದ್ದು ಸಣ್ಣ ಕ್ಯಾಮೆರಾ ತಗಂಡೆ. ದೊಡ್ಡದು ತಗಂಡಿದ್ರೆ, ಕೋಲಿಗೆ ಇಟ್ಟು ಹಣೆಗೆ ಒತ್ಕಂಡಿದ್ರೆ, ಅಣ್ಣನ ಮುಖ ಉಳೀತಿತ್ತು."

ತಿಪ್ಪಮ್ಮ ಅವನನ್ನೇ ನೋಡಿದಳು. "ಯಾರಿಗೂ ಹೇಳ್ಲಿಲ್ಲ ಅಂತೀಯಲ್ಲ. ಯುಗಾದಿಗೆ ಬಂದಾಗ ನೀನು ಹೋಳಿಗೆಗೆ ತುಪ್ಪ ಬಿಡಾಕೆ ಹೋಗಿ ಚಾಪೆಗೆಲ್ಲ ಚೆಲ್ಲಿದ್ಯಲ್ಲ. ಆವತ್ತೇ ನಿಮ್ಮಣ್ಣ ನೋಡಿದ್ರು."

"ಅಣ್ಣ ಏನೂ ಅನ್ಲಿಲ್ಲ?"

"ನಿನ್ ಮುಂದೆ ಅನ್ಲಿಲ್ಲ. ನೀನು ಬಸ್ ಹತ್ತಿದ್ ಮ್ಯಾಲೆ ಅಂದ್ರು. 'ಹುಡುಗನ ಕೈ ಸೋಲ್ತಾ ಐತೆ ಕಣೇ. ಇನ್ನೊಂದಿಷ್ಟು ದಿನಕ್ಕೆ ಆ ಡಬ್ಬಿ ಹಿಡಿಯಾಕೂ ಆಗಲ್ಲ ಅವ್ನಿಗೆ. ಮುಂದಿನ ಸಲ ಕೇಳಿದ್ರೆ ತೆಗೆಸ್ಕಂಬಿಡ್ತೀನಿ. ಸವೆದ್ರೆ ನನ್ ಆಯಸ್ಸು ಸವೀಲಿ ಅತ್ಲಾಗೆ, ಅವ್ನ ಆಸೆ ತೀರ್ಲಿ' ಅಂದ್ರು."

ಹೊರಗೆ ರೊಪ್ಪದಲ್ಲಿ ಮರಿಗಳು ತಾಯಿಗಾಗಿ ಅರಚುತ್ತಿದ್ದವು. ಬೆಳಿಗ್ಗೆ ತೆಗೆಯಾಣ ಎಂದರೆ ಅಣ್ಣ ಯಾಕೆ ಕೇಳಲಿಲ್ಲ, ಒಂದೇ ಸಲ ಎಂದು ಯಾಕೆ ಗದರಿದ, ಈಗ ಚಿತ್ತಯ್ಯನಿಗೆ ತಿಳಿಯಿತು. ಬೆಳಗಾಗುವ ತನಕ ಆ ಧೈರ್ಯ ಉಳಿಯುತ್ತದೋ ಇಲ್ಲವೋ ಎಂಬ ಭಯ ಅಣ್ಣನಿಗಿತ್ತು. ಪಟ ತೆಗೆಸಿದರೆ ಆಯಸ್ಸು ಸವೆಯುತ್ತದೆ ಎಂದು ಮನಸಾರೆ ನಂಬಿದ್ದವನು ಆ ಬೇವಿನ ಮರದ ಕೆಳಗೆ ತಮ್ಮನಿಗಾಗಿ ತನ್ನ ಆಯಸ್ಸನ್ನು ಒಡ್ಡಿ ನಿಂತಿದ್ದ. ನಿಂತು ತಮಾಷೆಯನ್ನೂ ಮಾಡಿದ್ದ. ಅಷ್ಟು ದೊಡ್ಡದನ್ನು ಕೊಟ್ಟಾಗ ಹಿಡಿದುಕೊಳ್ಳಲು ತಮ್ಮನ ಕೈ ನೆಟ್ಟಗಿರಲಿಲ್ಲ.

ಅತ್ತಿಗೆಯ ಮುಂದೆ ಅವನು ಚಿಕ್ಕ ಹುಡುಗನ ಹಾಗೆ ಅತ್ತ. ಅವಳು ಸುಮ್ಮನಿರಿಸಲಿಲ್ಲ. ಅವಳದೂ ಅದೇ ಪಾಡಾಗಿತ್ತು.

"ನಾಳೆ ಎಡೆಗೆ ಏನಿಡಾಣ ಅತ್ತಿಗೆ?" ಎಂದು ಕೊನೆಗೆ ಕೇಳಿದ.

"ನಿಮ್ಮಪ್ಪನ ಎಡೆಗೆ ಯಾವ ಪಟ ಇತ್ತಪ್ಪ? ಅವ್ರು ಉಣ್ಲಿಲ್ವಾ? ಇವ್ರೂ ಉಣ್ತಾರೆ ಬಿಡು."

ಮರುದಿನ ಬರಿಯ ಗೋಡೆಯ ಮುಂದೆ ಎಡೆ ಇಟ್ಟರು. ಬಂದ ನೆಂಟರಲ್ಲಿ ಒಬ್ಬಿಬ್ಬರು, "ಫೋಟೋ ತೆಗೆಯೋ ತಮ್ಮನ್ನ ಇಟ್ಕಂಡು ಒಂದು ಪಟ ಇಲ್ಲ ನೋಡ್ರಿ" ಎಂದು ಗೊಣಗಿದರು. ಚಿತ್ತಯ್ಯನಿಗೆ ಕೇಳಿಸಿತು. ಬೆಳಿಗ್ಗೆಯೇ ಬಂದಿದ್ದ ಹೆಂಡತಿ ಜಯಕ್ಕನಿಗೂ ಕೇಳಿಸಿತು. ಅವಳು ಜವಾಬು ಕೊಡಲು ಏಳಹೊರಟಾಗ ಅವನು ಬೇಡವೆಂದು ತಲೆಯಾಡಿಸಿದ.

ಪಂಕ್ತಿಯಲ್ಲಿ ಎಲೆ ಹಾಕಿದರು. ಚಿತ್ತಯ್ಯ ಮೂಲೆಗೆ ಹೋಗಲಿಲ್ಲ, ಎಲ್ಲರ ನಡುವೆ ಕೂತ. ಮುದ್ದೆ ಮುರಿದು ತುತ್ತು ಎತ್ತಿದರೆ ಅದು ಬಾಯಿ ತಲುಪದೆ ಎದೆಯ ಮೇಲೆ ಬಿತ್ತು. ಸಾಲಿನಲ್ಲಿ ಕೂತವರ ಕೈಗಳು ಒಂದು ಗಳಿಗೆ ನಿಂತವು. ಚಿತ್ತಯ್ಯ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಣ್ಣನ ಹೆಸರಿನ ಅನ್ನವನ್ನು ಎಲ್ಲರೂ ನೋಡುತ್ತಿದ್ದಂತೆಯೇ, ನಿಧಾನವಾಗಿ, ಕೊನೆಯ ತುತ್ತಿನ ತನಕ ಉಂಡ.