ಹೊಟ್ಟೆ ಸೀಳದ ಅಕ್ಷರ

ಸಿಂಚನಾ, ಮನೋಜಾ, ನಾನು ಕೆಲಸಕ್ಕಿದ್ದ ಅಂಗಡಿಯ ಅಣ್ಣಾರು ಓದುವಾಗ ಎಡ ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಳ್ಳುತ್ತಿದ್ದರು. ಬಿಸಿ ಹಾಲು ಆರಿಸುವವರಂತೆ ತುಟಿ ಸ್ವಲ್ಪ ಮುಂದೆ, ಅದರಿಂದ ನಾಲ್ಕು ಬೆರಳು ದೂರದಲ್ಲಿ ಅಂಗೈ. ಹೊಸದಾಗಿ ಅಂಗಡಿಗೆ ಬಂದವರು ಪಾಪ, ಹಲ್ಲುನೋವಿರಬೇಕು ಎಂದುಕೊಳ್ಳುತ್ತಿದ್ದರು. ನಾನೂ ಹಾಗೇ ತಿಳಿದು, ಲವಂಗ ಇಟ್ಟುಕೊಳ್ಳಿ ಎಂದು ಹೇಳಲು ಹೋಗಿ ಸುಮ್ಮನಾಗಿದ್ದೆ. ಸುಮ್ಮನಾಗುವುದು ನನಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಈ ಹಾಳೆಗಳಲ್ಲಿ ಹೇಳಬೇಕಾಗಿರುವುದೂ ಅದನ್ನೇ.

ಅವರನ್ನು ಎಲ್ಲರೂ ಬೋರ್ಡಣ್ಣ ಎನ್ನುತ್ತಿದ್ದರು. ಹೊನ್ನಾಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಂಗಡಿ. ಬಸ್ಸಿನ ನೆತ್ತಿಯ ಮೇಲೆ, ಗುಡಿಯ ಬಾಗಿಲ ಮೇಲೆ ಕೆಂಪು ದೀಪದ ಅಕ್ಷರಗಳು ಓಡುತ್ತವಲ್ಲ, ಅಂಥ ಬೋರ್ಡುಗಳನ್ನು ಮಾಡುತ್ತಿದ್ದರು. ನಿಮ್ಮ ತಾತ ಹೋದ ಮೇಲೆ ನಾನು ನ್ಯಾಮತಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಆ ಅಂಗಡಿಯ ಕಸ ಗುಡಿಸುತ್ತಿದ್ದೆ. ಒಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಹದಿನಾರು ಚುಕ್ಕಿಯ ರಂಗೋಲಿ ಇಟ್ಟಿದ್ದೆ. ಅವರು ಬಗ್ಗಿ, ಬೆರಳಿಟ್ಟು ಎಣಿಸಿದರು.

"ತಂಗ್ಯಮ್ಮ, ಅಳತೆ ಇಲ್ದೆ ಹೆಂಗೆ ಇಟ್ರಿ ಇದನ್ನ?"

"ಕೈಗೆ ಗೊತ್ತೈತೆ ಅಣ್ಣಾರೆ."

"ಹಂಗಾದ್ರೆ ಪೊರಕೆ ಬಿಡ್ರಿ, ಒಳಗೆ ಬರ್ರಿ. ನಾನು ಹೊಟ್ಟೆಪಾಡಿಗೆ ಮಾಡೋದೂ ಇದೇ ಚುಕ್ಕಿ ಕೆಲಸ."

ಉಬ್ರಾಣಿಯಲ್ಲಿ ಏಳನೇ ತರಗತಿಯವರೆಗೆ ಓದಿದ್ದ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ ಪುಣ್ಯಾತ್ಮರು ಅವರು.

ಆ ಕೆಲಸವನ್ನು ನನಗೆ ತಿಳಿದಂತೆ ಹೇಳುತ್ತೇನೆ. ಕಂಪ್ಯೂಟರಿನೊಳಗಿನ ಅಕ್ಷರ ಗೆರೆಗಳಿಂದ ಆದದ್ದು. ಹಿಗ್ಗಿಸಿದಷ್ಟು ಹಿಗ್ಗುತ್ತದೆ, ಕುಗ್ಗಿಸಿದಷ್ಟು ಕುಗ್ಗುತ್ತದೆ. ಬೋರ್ಡಿಗೆ ಗೆರೆ ತಿಳಿಯದು. ಅದರಲ್ಲಿರುವುದು ಸಾಲಾಗಿ ಕೂತ ಪುಟ್ಟ ದೀಪಗಳು. ಒಂದೊಂದೂ ಹತ್ತಬೇಕು, ಇಲ್ಲವೇ ಆರಬೇಕು. ಹಾಗಾಗಿ ಗೆರೆಯ ಅಕ್ಷರವನ್ನು ಚುಕ್ಕಿಯ ಅಕ್ಷರ ಮಾಡಬೇಕು. ಅದಕ್ಕೆ ಅವರು ಮೌಸ್ ಮುಟ್ಟುತ್ತಲೇ ಇರಲಿಲ್ಲ. ಕಪ್ಪು ಪರದೆ ತೆರೆದು ಒಂದೇ ಸಾಲು ಟೈಪ್ ಮಾಡುತ್ತಿದ್ದರು: ಯಾವ ಫಾಂಟು, ಎಷ್ಟು ಚುಕ್ಕಿ ಎತ್ತರ, ಯಾವ ಹೆಸರಿನಲ್ಲಿ ಇಡಬೇಕು. ಎಂಟರ್ ಒತ್ತಿದರೆ ಕಾಗುಣಿತ, ಒತ್ತಕ್ಷರ ಸಮೇತ ಇಡೀ ವರ್ಣಮಾಲೆ ಚುಕ್ಕಿಯಾಗಿ ಬಂದು ಬೀಳುತ್ತಿತ್ತು. ಆದರೆ ಹದಿನಾರು ಚುಕ್ಕಿಯ ಎತ್ತರಕ್ಕೆ ಇಳಿದಾಗ ಒಂದರ ಒತ್ತು ಮೆತ್ತಿಕೊಂಡಿರುತ್ತಿತ್ತು, ಇನ್ನೊಂದರ ಕೊಂಬು ಮುರಿದಿರುತ್ತಿತ್ತು, ಎಲ್ಲೋ ಬೇಡದ ಚುಕ್ಕಿ ಉಳಿದಿರುತ್ತಿತ್ತು. ಒಂದೊಂದೇ ಅಕ್ಷರವನ್ನು ದೊಡ್ಡದಾಗಿ ತೆರೆದು ಚುಕ್ಕಿ ಹಚ್ಚುವುದು, ಅಳಿಸುವುದು ನನ್ನ ಪಾಲಿನ ಕೆಲಸ.

"ಸಣ್ಣದು ಮಾಡುವಾಗ ಮೊದಲು ಹೋಗೋದು ಉಸಿರು, ತಂಗ್ಯಮ್ಮ" ಎನ್ನುತ್ತಿದ್ದರು. ಅರ್ಥವಾಗದಿದ್ದರೂ ನಾನು ಹೂಂ ಎನ್ನುತ್ತಿದ್ದೆ.

ನಾನು "ಅಣ್ಣಾರೆ, ಈ ಪಾಂಟು ಬಲೇ ಚಿಕ್ಕದಾಗೈತೆ" ಎಂದರೆ, "ಪ್ಯಾಂಟು ಚಿಕ್ಕದಾದ್ರೆ ಟೈಲರ್ ಹತ್ರ ಹೋಗ್ರಿ, ಇಲ್ಲಿರೋದು ಫಾಂಟು" ಎಂದು ನಗಿಸುತ್ತಿದ್ದರು. ಒಮ್ಮೆ ಒಬ್ಬ ಕಂಡಕ್ಟರ್ ಓಡಿ ಬಂದ. "ಅಣ್ಣಾರೆ, ನನ್ನ ಬಸ್ಸಿನ ನೆತ್ತಿ ಮ್ಯಾಲೆ 'ಜಗಳ' ಅಂತ ಬರ್ತೈತೆ, ಯಾರು ಹತ್ತುತಾರೆ ಹೇಳ್ರಿ!" ಬೋರ್ಡಿನ ಅಗಲ ಸಾಲದೆ ಜಗಳೂರಿನ ಬಾಲ ಹೊರಗೇ ಉಳಿದಿತ್ತು. "ಇರೋದನ್ನೇ ತೋರಿಸ್ತೈತೆ ಬಿಡಪ್ಪ, ನಿನ್ನ ಬಸ್ಸಾಗೆ ಸೀಟಿಗೆ ದಿನಾ ಅದೇ ಅಲ್ವ?" ಎಂದರು. ಆಮೇಲೆ ಊಟಕ್ಕೂ ಏಳದೆ ತೆಳ್ಳಗಿನ ಅಕ್ಷರ ಮಾಡಿ, ಪೂರ್ತಿ ಜಗಳೂರನ್ನು ಕೂರಿಸಿ ಕಳಿಸಿದರು.

ಅವರಿಗೆ ಒಂದೇ ಒಂದು ಆಸೆಯಿತ್ತು. ಈ ಸೀಮೆಯ ಪ್ರತಿ ಶಾಲೆಯ ಬಾಗಿಲಲ್ಲೂ ತಮ್ಮ ಚುಕ್ಕಿಯ ಅಕ್ಷರ ಬೆಳಗಬೇಕು, ಮಕ್ಕಳು ಒಳಗೆ ಹೋಗುವಾಗ ಅದನ್ನು ಓದಿಕೊಂಡೇ ಹೋಗಬೇಕು. ಜಗಳೂರು ಕಡೆಯ ಒಂದು ಹಳ್ಳಿಯ ಶಾಲೆಯವರು ಮೊದಲ ಬೋರ್ಡು ಮಾಡಿಕೊಡಲು ಹೇಳಿದರು. ಇದು ಚೆನ್ನಾಗಿ ಬಂದರೆ ಸುತ್ತಲಿನ ಶಾಲೆಗಳಿಗೂ ನಿಮ್ಮಿಂದಲೇ ಮಾಡಿಸುತ್ತೇವೆ ಎಂದು ಅಲ್ಲಿನ ಸಮಿತಿಯ ಯಜಮಾನರು ಮಾತು ಕೊಟ್ಟಿದ್ದರು. ಬರೆಯಬೇಕಾಗಿದ್ದ ಸಾಲು: 'ವಿದ್ಯಾಧನವೇ ದೊಡ್ಡ ಧನ'.

ಬೋರ್ಡಣ್ಣ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಲು ಹೋಗಿದ್ದಾಗ ನಾನು ಅಕ್ಷರ ತಿದ್ದುತ್ತಾ ಕೂತಿದ್ದೆ. 'ಧ' ಬಂತು. ಅದರ ಹೊಟ್ಟೆಯ ಕೆಳಗೆ ಎರಡು ಚುಕ್ಕಿ ಬೇರೆಯಾಗಿ ನಿಂತಿದ್ದವು. ಬಾಗಿಲ ರಂಗೋಲಿಯಲ್ಲಿ ಗೆರೆ ಮುಟ್ಟದ ಚುಕ್ಕಿ ಉಳಿಯಬಾರದು ಎಂದು ನಮ್ಮವ್ವ ಕಲಿಸಿದ್ದು ಕೈಯಲ್ಲೇ ಇತ್ತು. ಎರಡನ್ನೂ ಅಳಿಸಿದೆ. 'ದ'ವನ್ನು 'ಧ' ಮಾಡುವ ಸೀಳು ಅದೇ ಎಂದು ಹೊಳೆಯಲಿಲ್ಲ. ಶಾಲೆಯಲ್ಲಿ ಮೇಷ್ಟ್ರು "ಹೊಟ್ಟೆ ಸೀಳ್ರೇ" ಎಂದು ಕೂಗುತ್ತಿದ್ದರು, ನಾವು ಪೆಟ್ಟಿಗೆ ಹೆದರಿ ಸೀಳುತ್ತಿದ್ದೆವು. ನಾಲಿಗೆಯಲ್ಲಿ ಮಾತ್ರ ಧನವೂ ದನವೂ ನನಗೆ ಒಂದೇ. ಒಂದು ಸಲ ಅಳಿಸಿದರೆ ಸಾಕು, ಆ ಫಾಂಟಿನಲ್ಲಿ ಬರೆದ ಎಲ್ಲ 'ಧ'ಗಳೂ ಹೋದ ಹಾಗೆ.

ಅವರು ಬಂದು ಕೇಳಿದರು. "ಎಲ್ಲ ನೋಡಿದ್ರಾ?"

"ನೋಡೀನಿ ಅಣ್ಣಾರೆ."

"ನೀವು ನೋಡಿದ ಮ್ಯಾಲೆ ನಾನೇನು ನೋಡೋದು" ಎಂದು ಹಾಗೇ ಬೋರ್ಡಿಗೆ ತುಂಬಿಸಿದರು. ತಮ್ಮ ಕೆಲಸವನ್ನು ಅಂಗೈ ಹಿಡಿದು ಓದದೆ ಅವರು ಹೊರಗೆ ಕಳಿಸಿದ್ದು ಅದೊಂದೇ ಸಲ. ನನ್ನನ್ನು ನಂಬಿ.

ಬೋರ್ಡು ಹಾಕುವ ದಿನ ನಾನೂ ಅವರ ಜೊತೆ ಶಾಲೆಗೆ ಹೋಗಿದ್ದೆ. ಅದರ ಮೇಲಿನ ಬಟ್ಟೆ ಸರಿಸಿದಾಗ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಅಕ್ಷರ ಓಡಿತು. ಒಂದು ಹುಡುಗಿ ಗಟ್ಟಿಯಾಗಿ ಓದಿತು: "ವಿದ್ಯಾದನವೇ ದೊಡ್ಡ ದನ." ಹಿಂದಿನ ಸಾಲಿನಿಂದ ಯಾರೋ "ಅಂಬಾ" ಎಂದರು. ಅಷ್ಟೇ, ಇಡೀ ಅಂಗಳ ನಕ್ಕಿತು.

ಯಜಮಾನರ ಮುಖ ಕೆಂಪಾಯಿತು. "ಏನ್ರೀ ಇದು? ಶಾಲೆ ಬಾಗಿಲಾಗೆ ದನ ಕಟ್ಟೀರಲ್ರಿ! ಹೊಟ್ಟೆ ಸೀಳಾಕೆ ಬರದೋರು ಅಕ್ಷರದ ಅಂಗಡಿ ಯಾಕೆ ಇಟ್ಟೀರಿ?"

ಬೋರ್ಡಣ್ಣ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಸಾಲನ್ನು ನಿಧಾನವಾಗಿ ಓದಿದರು. ಕೈ ಇಳಿಸಿದರು. ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

"ತಪ್ಪು ನಂದೇ ರೀ" ಎಂದರು. "ನನ್ನ ಕಣ್ಣು ಕೈಕೊಡ್ತು."

ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ಅದಕ್ಕೇ ಸುಮ್ಮನಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ವಾಪಸು ಬರುವಾಗ ಬಸ್ಸಿನಲ್ಲಿ ನಾವಿಬ್ಬರೇ ಒಂದು ಸೀಟಿನ ಆಚೆ ಈಚೆ ಇದ್ದೆವು. ಅವರು ಹುರಿದ ಶೇಂಗಾ ಕೊಂಡು ಅರ್ಧ ನನ್ನ ಸೆರಗಿಗೆ ಸುರಿದರು. ಆಗ ಯಾವ ನಾಲ್ಕು ಜನರೂ ಇರಲಿಲ್ಲ. ನಾನು ಶೇಂಗಾ ಸುಲಿದು ತಿಂದೆ.

ಮರುದಿನ ಬೆಳಿಗ್ಗೆ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಅಂಗೈ ಬಾಯಿ ಮುಂದೆ ಹಿಡೀರಿ. 'ದ' ಅನ್ರಿ."

ಅಂದೆ.

"ಈಗ ಹೊಟ್ಟೆಯಿಂದ ಅನ್ರಿ, 'ಧ'."

ಮೂರನೇ ಸಲಕ್ಕೆ ಅಂಗೈಗೆ ಬೆಚ್ಚಗೆ ಉಸಿರು ತಾಗಿತು.

"ತಾಗ್ತಾ? ಅದೇ ಮಹಾಪ್ರಾಣ. ಅದಿದ್ರೆ ಧನ, ಹೋದ್ರೆ ದನ." ಅಷ್ಟು ಹೇಳಿ ಎದ್ದು ಹೋದರು. ಯಾರು ಅಳಿಸಿದ್ದು ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಬರೆಯಲು ಹೊರಟೆ. ಅದೂ ನಿಜವೋ ಅಲ್ಲವೋ ಗೊತ್ತಿಲ್ಲ.

ಉಳಿದ ಶಾಲೆಗಳ ಬೋರ್ಡು ಬೇರೆಯವರಿಗೆ ಹೋಯಿತು. ಚಹಾದ ಅಂಗಡಿಯಲ್ಲಿ ಅವರಿಗೆ 'ದನದ ಬೋರ್ಡಣ್ಣ' ಎಂದು ಹೆಸರು ಬಿತ್ತು. "ಇರ್ಲಿ ಬಿಡ್ರಿ, ಹಾಲು ಕೊಡೋ ಪ್ರಾಣಿ" ಎಂದು ಅವರೂ ನಗುತ್ತಿದ್ದರು. ಆದರೆ ಶಾಲೆಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನಾನು ಆರು ವರ್ಷ ಅದೇ ಅಂಗಡಿಯಲ್ಲಿ ಕೂತು, ಆ ಹೆಸರನ್ನು ಕೇಳಿಸಿಕೊಂಡು, ಚುಕ್ಕಿ ತಿದ್ದಿದೆ.

ಹೋದ ವರ್ಷ ಅವರಿಗೆ ಉಸಿರಿನ ಕಾಯಿಲೆ ಬಂತು. ಹೇಳಿಬಿಡಬೇಕೆಂದೇ ಆಸ್ಪತ್ರೆಗೆ ಹೋದೆ. ಮಂಚದ ಪಕ್ಕ ನಿಂತು ಬಾಯಿ ತೆರೆದರೆ ಬಂದದ್ದು, "ಊಟ ಮಾಡಿದ್ರಾ ಅಣ್ಣಾರೆ?" ಅವರು ಅಂಗೈ ಎತ್ತಿ ಬಾಯಿಯ ಮುಂದೆ ಹಿಡಿದು, ಉಸಿರು ತಾಗುತ್ತಿಲ್ಲ ಎನ್ನುವಂತೆ ತಲೆಯಾಡಿಸಿ ನಕ್ಕರು. ನಾಲ್ಕನೇ ದಿನ ಹೋದರು.

ತಿಥಿಯ ದಿನ ಅಂಗಡಿಯ ಮುಂದೆ ಹಾಕಲು ಬೋರ್ಡು ಮಾಡಿಕೊಡಿ ಎಂದು ಅವರ ಹೆಂಡತಿ ಕೇಳಿದರು. ಕಪ್ಪು ಪರದೆಯ ಆ ಒಂದು ಸಾಲನ್ನು ಮೊದಲ ಬಾರಿಗೆ ನಾನೇ ಟೈಪ್ ಮಾಡಿದೆ. 'ಭಾವಪೂರ್ಣ ಶ್ರದ್ಧಾಂಜಲಿ'. 'ಭ' ಕಷ್ಟವಾಗಲಿಲ್ಲ. 'ದ್ಧಾ'ದ ಕೆಳಗಿನ ಪುಟ್ಟ ಒತ್ತಿನಲ್ಲಿ ಸೀಳು ನಿಲ್ಲಲು ಜಾಗವೇ ಇರಲಿಲ್ಲ. ಇಡೀ ಸಾಲನ್ನು ಒಂದು ಚುಕ್ಕಿ ಮೇಲಕ್ಕೆ ಎತ್ತಿ, ಅಂಗೈ ಹಿಡಿದು ಓದಿ ಓದಿ ಆ ಸೀಳನ್ನು ನಿಲ್ಲಿಸಿದೆ.

ಆ ಶಾಲೆಯ ಯಜಮಾನರೂ ಬಂದಿದ್ದರು. ಬೋರ್ಡಿನ ಮುಂದೆ ನಿಂತು ಓದಿ ನನ್ನ ಕಡೆ ತಿರುಗಿದರು. "ಒಂದಕ್ಷರ ತಪ್ಪಿಲ್ಲ. ಆ ಮನುಷ್ಯಗೆ ಬರದಿದ್ದಿದ್ದು ನಿಮಗೆ ಬಂದೈತಲ್ಲಮ್ಮ!"

ನಾನು ಕೈ ಮುಗಿದೆ. ಹೊಗಳಿದವರಿಗೆ ಮುಗಿಯುವ ಹಾಗೆ, ಎರಡು ಅಂಗೈ ಸೇರಿಸಿ.

ಮೊದಲ ಸಲದ್ದು ಹೆದರಿಕೆ ಎನ್ನಬಹುದು. ಇದಕ್ಕೆ ಏನನ್ನಬೇಕೋ ನನಗೆ ಗೊತ್ತಿಲ್ಲ. ಬಾಯಲ್ಲಿ ಹೇಳಲಾರದ್ದನ್ನು ಬರೆದಾದರೂ ಇಡೋಣ ಎಂದು ಕೂತೆ. ಅಳಿಸಿದವಳು ನಾನು. ಅವರ ಹೆಂಡತಿಗೆ ಒಂದು ಪ್ರತಿ ಕೊಟ್ಟು ಬರುತ್ತೇನೆ. ಇನ್ನೊಂದು ನಿಮಗೆ. ಇದರಲ್ಲಿ ಎಲ್ಲಾದರೂ ಹೊಟ್ಟೆ ಸೀಳದೆ ಬಿಟ್ಟಿದ್ದರೆ ಅಂಗೈ ಹಿಡಿದು ಓದಿ, ನೀವೇ ಸೀಳಿ. ಹಾಳೆಗಳನ್ನು ಮಾತ್ರ ಜೋಪಾನವಾಗಿಡಿ, ಮಕ್ಕಳೇ.